ಕಾಲುವೆ ದಂಡೆಯ ಹಸಿರು ಫಲಕ

ಕೊಳಚೆ ನೀರು ಶುದ್ಧೀಕರಣ ಘಟಕದ ಹೊಣೆ ಹೊತ್ತಿರುವ ಮಾನ್ಯರೇ,

ನಿಮ್ಮ ಘಟಕದ ಹೊರಗೆ, ಕಾಲುವೆ ದಂಡೆಯ ಮೇಲೆ, ಒಂದು ಹಸಿರು ಫಲಕವಿದೆ. ‘ಸಂಸ್ಕರಿಸಿದ ನೀರು, ಕೃಷಿಗೆ ಯೋಗ್ಯ’ ಎಂದು ಅದರಲ್ಲಿ ಬರೆದಿದೆ. ಅದು ಸುಳ್ಳು. ಅದನ್ನು ನಂಬಿದ ನನ್ನ ಹೆಂಡತಿ ಜಂಬಮ್ಮ ತೀರಿಕೊಂಡು ಇಂದಿಗೆ ನಲವತ್ತೊಂದು ದಿನ. ನನ್ನ ಅರ್ಜಿಗೆ ನೀವು ಕೊಟ್ಟ ಉತ್ತರ ಓದಿದ ಮೇಲೆ, ಉಳಿದದ್ದನ್ನು ನಾಲ್ಕು ಜನರ ಮುಂದೆಯೇ ಹೇಳಬೇಕೆನಿಸಿತು.

ಕುರುಗೋಡು ರಸ್ತೆಯ ಆಚೆ, ಆ ಕಾಲುವೆಗೆ ಹೊಂದಿಕೊಂಡು ನಮ್ಮ ಅರ್ಧ ಎಕರೆ ಹೊಲವಿದೆ. ಜಂಬಮ್ಮ ಅಲ್ಲಿ ಮೆಂತ್ಯ, ಕೊತ್ತಂಬರಿ ಬೆಳೆದು ಬೆಳಗಿನ ಬಸ್ಸಿಗೆ ಬಳ್ಳಾರಿಯ ಕೌಲ್ ಬಜಾರಿಗೆ ಒಯ್ಯುತ್ತಿದ್ದಳು. ಸೊಪ್ಪು ತೊಳೆಯಲು ಬಾವಿ ನೀರು ಸೇದುತ್ತಿದ್ದಳೇ ಹೊರತು ಕಾಲುವೆಗೆ ಕೈ ಅದ್ದಿದವಳಲ್ಲ. ಎರಡು ವರ್ಷದ ಹಿಂದೆ ನೀವು ಫಲಕ ನೆಟ್ಟ ದಿನ ನನ್ನನ್ನು ಕರೆದು, “ಏನಂತ ಬರ್ದಾರ, ಒಂಚೂರು ಓದ್ರಿ” ಅಂದಳು. ಮೂವತ್ತೆರಡು ವರ್ಷ ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ನಾನು ಅವಳಿಗೆ ಕಲಿಸಲಿಲ್ಲ. ಸೊಪ್ಪು ಬೆಳೆಯುವ ಐದಾರು ಹೆಣ್ಣುಮಕ್ಕಳು ಸುತ್ತ ನಿಂತಿದ್ದರು. ಪಾಠ ಓದುವಂತೆ ಗಟ್ಟಿಯಾಗಿ ಓದಿದೆ.

“ಸರಕಾರದವ್ರು ಬರ್ದಾರಂದ್ರ ಖರೇನ ಇರ್ತೈತಿ, ಅಲ್ರಿ?”

“ಮತ್ತ? ಸುಳ್ಳು ಯಾಕ ಬರೀತಾರ?” ಅಂದೆ.

ಮರುದಿನದಿಂದ ಬಾವಿಯ ಹಗ್ಗ ಗೂಟಕ್ಕೇರಿತು, ಸೊಪ್ಪಿನ ಕಟ್ಟುಗಳು ಕಾಲುವೆಗಿಳಿದವು.

ಮಾನ್ಯರೇ, ನಿಮಗೆ ಗೊತ್ತಿರಲಾರದು, ನಮ್ಮ ಕಡೆ ಮೆಂತ್ಯವನ್ನು ಬೇಯಿಸದೆಯೂ ತಿನ್ನುತ್ತೇವೆ. ಹಸಿ ಸೊಪ್ಪಿಗೆ ಉಪ್ಪು, ಖಾರ, ಎಣ್ಣೆ ಹಚ್ಚಿದರೆ ಜೋಳದ ರೊಟ್ಟಿಗೆ ಬೇರೇನೂ ಬೇಡ. ಅದಿಲ್ಲದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ನನಗೆ ಹಲ್ಲಿಲ್ಲ, ಬೇಯಿಸಿದ್ದೇ ಆಗಬೇಕು. ಹಾಗಾಗಿ ನಾನು ಉಳಿದೆ. ಅವಳಿಗೆ ಬಂದದ್ದು ಕಾಮಾಲೆ ಎಂದರು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಯಾವ ನೀರು ಬಳಸುತ್ತೀರಿ ಎಂದು ಡಾಕ್ಟರು ಕೇಳಿದಾಗ, ಕಣ್ಣೆಲ್ಲ ಹಳದಿಯಾಗಿ ಮಲಗಿದ್ದವಳು ನನಗಿಂತ ಮೊದಲೇ ಹೇಳಿದಳು: “ಚಲೋ ನೀರ ಐತ್ರಿ ಸಾರ್. ನಮ್ಮ ಮನಿಯವ್ರು ಓದಿ ನೋಡ್ಯಾರ.”

ಆ ಮಾತು ಕೇಳಿಸಿಕೊಂಡು ನಾನು ಇನ್ನೂ ಬದುಕಿದ್ದೇನೆ.

ಮಣ್ಣು ಮಾಡಿದ ಮೂರನೇ ದಿನ ನಿಮ್ಮ ಘಟಕಕ್ಕೆ ಹೋದೆ. ಅಲ್ಲಿನ ಕಾವಲುಗಾರನ ಹೆಸರು ಹೇಳುವುದಿಲ್ಲ, ನಿಮ್ಮ ಇಲಾಖೆಯಲ್ಲಿ ಕ್ರಮ ಕೈಗೊಳ್ಳಲು ಸಿಗುವವನು ಅವನೊಬ್ಬನೇ. “ಮೋಟ್ರು ಸುಟ್ಟು ಎಂಟು ತಿಂಗಳಾತ್ರಿ ಮೇಷ್ಟ್ರೇ. ಬಂದ ನೀರು ಬಂದಂಗ ಹೊರಗ ಹೊಂಟೈತಿ” ಅಂದ. ಮತ್ತೆ ಫಲಕ? “ಬೋರ್ಡಿಗೆ ಕರೆಂಟ್ ಬೇಕಾಗಿಲ್ಲಲ್ರಿ.”

ನಿಮ್ಮ ಉತ್ತರವೋ ಹೀಗಿದೆ: ‘ಸದರಿ ಫಲಕದಲ್ಲಿ ಕೃಷಿಗೆ ಎಂದು ನಮೂದಿಸಲಾಗಿದೆಯೇ ಹೊರತು ಸೊಪ್ಪು ತೊಳೆಯಲು ಎಂದು ನಮೂದಿಸಿರುವುದಿಲ್ಲ.’ ಎಂಥ ಎಚ್ಚರದ ವಾಕ್ಯ! ಈ ಎಚ್ಚರದಲ್ಲಿ ಕಾಲು ಭಾಗ ಮೋಟಾರಿನ ಮೇಲಿದ್ದಿದ್ದರೆ ನನ್ನ ಮನೆಯಲ್ಲಿ ಇವತ್ತು ರೊಟ್ಟಿ ಬಡಿಯುವ ಸದ್ದು ಇರುತ್ತಿತ್ತು. ಬೆಳೆದ ಸೊಪ್ಪಿನ ಮಣ್ಣು ತೊಳೆಯುವುದು ಕೃಷಿಯಲ್ಲವೇ? ಅದನ್ನು ತಿನ್ನುವವರು ಯಾರೆಂದುಕೊಂಡಿದ್ದಿರಿ?

ನನಗೆ ಪರಿಹಾರ ಬೇಡ. ಮೋಟಾರು ರಿಪೇರಿ ಮಾಡಿಸಿ. ಅಲ್ಲಿಯವರೆಗೆ ಆ ಫಲಕ ಕಿತ್ತುಹಾಕಿ. ಓದು ಬಾರದವರಿಗಾಗಿ ನಿಮ್ಮವರೊಬ್ಬರು ದಂಡೆಯ ಮೇಲೆ ನಿಂತು, ಈ ನೀರು ಕೆಟ್ಟದ್ದು ಎಂದು ಬಾಯಿಬಿಟ್ಟು ಹೇಳಲಿ. ಹತ್ತು ದಿನದಿಂದ ನಾನೇ ನಿಂತು ಹೇಳುತ್ತಿದ್ದೇನೆ. ಹೆಂಡತಿ ಹೋದ ದುಃಖಕ್ಕೆ ಮೇಷ್ಟ್ರ ತಲೆ ಕೆಟ್ಟಿದೆ ಎಂದುಕೊಂಡಿದ್ದಾರೆ. ನಿನ್ನೆ ಪಕ್ಕದ ಹೊಲದ ಹುಲುಗಮ್ಮ ಮೆಂತ್ಯದ ಕಟ್ಟನ್ನು ಕಾಲುವೆಗೆ ಅದ್ದುತ್ತಲೇ ಫಲಕದ ಕಡೆ ಕೈ ತೋರಿಸಿದಳು. “ಅವತ್ತು ಓದಿ ಹೇಳಿದವ್ರು ನೀವ ಅಲ್ಲೇನ್ರಿ, ಮೇಷ್ಟ್ರೇ? ಇನ್ನೊಂದ್ಸಲ ಓದ್ರಿ ನೋಡಾನ.”

ಓದಿದೆ. ಅದರಲ್ಲಿ ಇನ್ನೂ ಅದೇ ಇದೆ.

ಇಂತಿ,
ನಿಮ್ಮ ಫಲಕವನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದವನು,
ಭೀಮರಾಜ, ನಿವೃತ್ತ ಶಾಲಾ ಶಿಕ್ಷಕ