ಒತ್ತಾಸೆಯ ಹಿಂದಿನ ಆರು ಗೆರೆಗಳು

ಕಲಬುರಗಿ, 2119ನೇ ಇಸವಿ
ನೆಲ ನಡುಗಿದ ಹನ್ನೊಂದನೆಯ ದಿನ

ಜಗದೇವಿ ಮುತ್ತಜ್ಜಿಗೆ,

ಈ ಕಾಗದ ಬರೆಯುತ್ತಿರುವುದು 2031ರಲ್ಲಿರುವ ನಿನಗೆ. ನನಗಿಂತ ಎಂಟು ವರ್ಷ ಚಿಕ್ಕವಳು ನೀನು. ಆದರೂ ಮುತ್ತಜ್ಜಿ ಎಂದೇ ಕರೆಯುತ್ತೇನೆ. ನನ್ನ ಕೆಲವು ಮಾತು ಹೊಸದೆನಿಸಿದರೆ ಕ್ಷಮಿಸು. ತೆಳು ಹಲಗೆಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಅಂಟಿಸಿ ಮಾಡಿದ ದಪ್ಪ ಫಲಕಗಳನ್ನು ಈ ವಾರ ನಿಮ್ಮ ಕಾಂಕ್ರೀಟ್ ಕಟ್ಟಡಕ್ಕೆ ಒಳಗಿನಿಂದ ಬಿಗಿದರಲ್ಲ, ಅವನ್ನು ನಾವು ಒತ್ತಾಸೆ ಅನ್ನುತ್ತೇವೆ. ಊರಿನ ಹಳೆಯ ಕಟ್ಟಡಗಳಿಗೆಲ್ಲ ಈಗ ಒತ್ತಾಸೆ ಇದೆ. ನಾವಿರುವುದೂ ನಿನ್ನ ಅದೇ ಮನೆಯಲ್ಲಿ. ಮಕ್ಕಳು ಅದಕ್ಕೆ ಬೆನ್ನು ಕೊಟ್ಟು ಓದುತ್ತಾರೆ. ಯುಗಾದಿಗೆ ಮುಂಚೆ ಬೋಲ್ಟು ಬಿಗಿಮಾಡುವವರು ಬರುತ್ತಾರೆ. ಅವತ್ತು ಅವರಿಗೆ ನಮ್ಮಲ್ಲೇ ಊಟ.

ಒತ್ತಾಸೆಗೆ ನೀನು ಒಪ್ಪಿದ್ದು ಹೇಗೆಂದು ನನಗೆ ಗೊತ್ತು. ಅಡುಗೆಮನೆ ಪಕ್ಕದ ಗೋಡೆಯ ಮೇಲೆ ಪ್ರತಿ ಹುಟ್ಟುಹಬ್ಬಕ್ಕೆ ನಿನ್ನ ಮಗಳು ಇಂಚರಾಳ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಆರನೆಯ ಗೆರೆಯ ಮೇಲೆ ಇನ್ನೊಂದು ಬರಲಿಲ್ಲ. ಜ್ವರದಲ್ಲಿ ಅವಳು ಹೋದಳು. ಆ ಗೋಡೆಯೊಂದನ್ನು ಬಿಟ್ಟರೂ ಕಟ್ಟಡಕ್ಕೆ ಬಲ ಸಾಲದು ಎಂದು ಎಂಜಿನಿಯರು ಹೇಳಿದಾಗ, ಮೇಲಿನ ಮಹಡಿಗಳ ಮಕ್ಕಳನ್ನು ನೆನೆದು ಹೂಂ ಅಂದೆ. ಇನ್ನು ಬದುಕಿರುವಷ್ಟು ಕಾಲವೂ "ನನ್ನ ಕೂಸಿಗಿ ಹಲಗಿ ಹಿಂದ ಹಾಕಿ ಮೊಳಿ ಬಡಿಸಿದೆ" ಎಂದು ಕೊರಗುವೆ. ನಿನ್ನ ಮಗ, ನನ್ನ ಅಜ್ಜ, ಹೇಳಿದ್ದು ಇದು. ಅದಕ್ಕೇ ಈ ಕಾಗದ.

ನೆಲ ನಡುಗಿದ್ದು ಮಧ್ಯಾಹ್ನ, ಉಣ್ಣುವ ಹೊತ್ತು. ಒತ್ತಾಸೆಯ ಮರ ಕಿರುಗುಟ್ಟಿತು, ಕಂಬಗಳು ಬಿರುಕು ಬಿಟ್ಟವು, ಕಟ್ಟಡ ಬೀಳದೆ ನಿಂತಿತು. ಐವತ್ತೊಂದು ಮಂದಿ ಮೆಟ್ಟಿಲಿಳಿದು ಬಂದೆವು, ಕೆಲವರು ಎಂಜಲು ಕೈಯಲ್ಲೇ.

ನಿನ್ನೆ ಗೋಡೆ ಪರೀಕ್ಷಿಸಲು ಒತ್ತಾಸೆ ಬಿಚ್ಚಿದರು. ಮರಗೆಲಸದ ಸರುಬಾಯಿ ಟಾರ್ಚು ಹಿಡಿದು ನಕ್ಕಳು: "ಯಕ್ಕಾ, ಇಲ್ಲಿ ಇಲಿಗೋಳು ಸಾಲಿ ಕಲ್ತಾವ ನೋಡ್ರಿ!" ಬಗ್ಗಿ ನೋಡಿದೆ. ಆರು ಗೆರೆ, ಪಕ್ಕದಲ್ಲಿ ನಿನ್ನ ಅಕ್ಷರ. ನನ್ನ ಮುಖ ಕಂಡು ಅವಳ ನಗು ನಿಂತಿತು. "ಯಾರ ಕೂಸ್ರೀ?" ಅಂದಳು.

ಒತ್ತಾಸೆ ಇಲ್ಲದ ಗೋಡೆಗಳಿಗೆ ಎಂಬತ್ತೆಂಟು ವರ್ಷಗಳಲ್ಲಿ ಎಷ್ಟು ಸಲ ಬಣ್ಣ ಬಳಿದಿದ್ದೇವೋ. ನೀನು ಮುಚ್ಚದಿದ್ದರೆ ಇಂಚರಾಳನ್ನು ನಾವೇ ಅಳಿಸಿಬಿಡುತ್ತಿದ್ದೆವು.

ತೆರೆದೇ ಇಡೋಣವೆಂದು ನನಗೂ ಆಸೆಯಾಯಿತು. ಆದರೆ ನೆಲದ ಸಣ್ಣ ನಡುಕ ಇನ್ನೂ ನಿಂತಿಲ್ಲ, ಮೇಲಿನ ಮನೆಯಲ್ಲಿ ಬಾಣಂತಿ ಇದ್ದಾಳೆ. ಇವತ್ತು ಬೆಳಿಗ್ಗೆ ನನ್ನ ಮಗಳನ್ನು ಆ ಗೋಡೆಗೆ ನಿಲ್ಲಿಸಿದೆ. ಅವಳಿಗೆ ಏಳು ವರ್ಷ. ಇಂಚರಾಳ ಕೊನೆಯ ಗೆರೆಗಿಂತ ಎರಡು ಬೆರಳು ಮೇಲೆ ಏಳನೆಯ ಗೆರೆ ಬಿತ್ತು.

ಸರುಬಾಯಿ ಬೋಲ್ಟು ಹಿಡಿದು ಕಾಯುತ್ತಿದ್ದಾಳೆ. ಮುಚ್ಚು ಎಂದು ನೀನು ಹೇಳಿದ್ದೆ. ಈಗ ನಾನೂ ಅದನ್ನೇ ಹೇಳುತ್ತೇನೆ. ಇವತ್ತಾದರೂ ನಿದ್ದೆ ಮಾಡು, ಮುತ್ತಜ್ಜಿ.

ನಿನ್ನ ಮರಿಮೊಮ್ಮಗಳು,
ಮುಕ್ತಾ