ಕುದಿಸಿದ ಜೇನು

ಫೆಬ್ರವರಿ ೯, ಭಾನುವಾರ

ಓರಗಿತ್ತಿಯ ಅಳು ಇನ್ನೂ ಕಿವಿಯಲ್ಲಿದೆ. ಹಿತವಾಗಿದೆ.

ಈ ವರ್ಷವಷ್ಟೇ ಜೇನುಪೆಟ್ಟಿಗೆ ಇಟ್ಟವಳು. ಪ್ರದರ್ಶನದ ಸ್ಪರ್ಧೆಗೆಂದು ತೆಗೆದಿಟ್ಟ ಜೇನುತುಪ್ಪ ಮೊನ್ನೆ ಹರಳುಗಟ್ಟಿತೆಂದು ಗಾಬರಿಯಾಗಿದ್ದಳು. ಅಪ್ಪಟ ಜೇನುತುಪ್ಪ ಹರಳುಗಟ್ಟುವುದೇ ಹಾಗೆ. ಹಾಗೇ ಇಟ್ಟಿದ್ದರೆ ನನ್ನದನ್ನು ಸೋಲಿಸುತ್ತಿತ್ತು.

"ಹರಳು ಕಂಡರೆ ಸಕ್ಕರೆ ಬೆರೆಸಿದ್ದಾಳೆ ಅಂತಾರೆ. ಚೆನ್ನಾಗಿ ಕುದಿಸಿಬಿಡು," ಎಂದಿದ್ದೆ.

ಇವತ್ತು ತೀರ್ಪುಗಾರರು ಅವಳ ಬಾಟಲಿ ಮೂಸಿ, ನೋಡಲು ಬಂದ ಜನರೆದುರೇ, "ಪರಿಮಳವನ್ನೇ ಕೊಂದಿದ್ದೀರಲ್ಲಮ್ಮ. ಕುದಿಸೋಕೆ ಯಾರು ಹೇಳಿಕೊಟ್ರು?" ಎಂದರು.

ಅವಳು ನನ್ನತ್ತ ನೋಡಿದಳು.

"ಯಾರೂ ಇಲ್ಲ," ಎಂದಳು.

ಆಮೇಲೆ ಮೆಟ್ಟಿಲ ಮೂಲೆಯಲ್ಲಿ ನನ್ನ ಹೆಗಲಿಗೊರಗಿ ಅತ್ತಳು. "ನಿಮ್ಮ ಹೆಸರು ಯಾಕೆ ಕೆಡಿಸಲಿ, ಅಕ್ಕ. ಉರಿ ಜಾಸ್ತಿ ಇಟ್ಟವಳು ನಾನೇ."

ಬೆನ್ನು ಸವರುತ್ತ, "ಸಣ್ಣ ಉರಿ ಅಂತ ಹೇಳಿದ್ದೆ ಅಲ್ವಾ," ಎಂದೆ.