ಅಕ್ಷಯನ ಕಾರ್ಡಿಗೆ ಎಷ್ಟು ವೋಲ್ಟೇಜ್?

ಜನವರಿ 7, ಮಂಗಳವಾರ, ಸಂಜೆ

ಹೋಟೆಲಿನ ಗಲ್ಲಾ ಮ್ಯಾನೇಜರ್ ಧನರಾಜನಿಗೆ ಒಪ್ಪಿಸಿ ಬೇಗನೆ ಮನೆಗೆ. ಮಗಳು ಯಕ್ಷಿತಾ ಆಗಲೇ ಅಣ್ಣ ಅಕ್ಷಯನ ಕೋಣೆಯಲ್ಲಿ, ಅವನ ಕಂಪ್ಯೂಟರಿನ ಮುಂದೆ. ಕಳೆದ ವಾರ ನಾನೇ ಅನುಮತಿ ಕೊಟ್ಟದ್ದು. ಕೊಡದಿರಲು ಕಾರಣಗಳಿದ್ದವು, ಒಂದೂ ತರ್ಕಕ್ಕೆ ನಿಲ್ಲುವಂಥದಾಗಿರಲಿಲ್ಲ. ಜ್ವರವೆಂದು ಆಸ್ಪತ್ರೆಗೆ ಹೋದ ಅಕ್ಷಯ ಮರಳದೆ ಎರಡು ವರ್ಷ. ಹೆಂಡತಿ ವಿನೋದಿನಿ ಯಂತ್ರಕ್ಕೆ ಹೊದಿಸಿದ ಬಟ್ಟೆಯನ್ನು ಅಲ್ಲಿಯವರೆಗೆ ಯಾರೂ ಸರಿಸಿರಲಿಲ್ಲ.

ಹತ್ತೊಂಬತ್ತರಂದು ನಗರದ ಆ ತುದಿಯ ಪವಾಯಿಯಲ್ಲಿ ಕಾಲೇಜುಗಳ ಓವರ್‌ಕ್ಲಾಕಿಂಗ್ ಸ್ಪರ್ಧೆ. ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ತಯಾರಕರು ಗೊತ್ತುಪಡಿಸಿದ ವೇಗವನ್ನು ಮೀರಿಸಿ ಓಡಿಸಬೇಕು. ನಡುವೆ ಕುಸಿಯದೆ ಹೆಚ್ಚು ಅಂಕ ತಂದವರು ಗೆದ್ದಂತೆ. ವೇಗ ಏರಬೇಕಾದರೆ ವೋಲ್ಟೇಜೂ ಏರಬೇಕು. ಆದರೆ ತಂತ್ರಾಂಶದಲ್ಲಿ ವೋಲ್ಟೇಜನ್ನು ಎಳೆದು ಏರಿಸುವ ಪಟ್ಟಿ ಮಾತ್ರ ಬೂದು ಬಣ್ಣ. ಮೌಸಿಗೆ ಜಗ್ಗುವುದಿಲ್ಲ.

"ಪಪ್ಪಾ, ಪೂರಾ ಲಾಕ್ ಯಾರ್!"

"ಅಪ್ಪ ನಿನ್ನ ಗೆಳೆಯನಲ್ಲ, 'ಯಾರ್' ಎನ್ನಬಾರದು."

"ಸಾರಿ. ಪೂರಾ ಲಾಕ್, ಪೂಜ್ಯ ಪಿತಾಜಿ."

ನಗಲಿಲ್ಲ. ನಕ್ಕರೆ ಸಲುಗೆ ಹೆಚ್ಚುತ್ತದೆ. ಎರಡು ಷರತ್ತು ವಿಧಿಸಿದೆ — ನಾನು ಪಕ್ಕದಲ್ಲಿ ಕೂರುವೆ. ಒಮ್ಮೆಗೆ ಒಂದೇ ಬದಲಾವಣೆ, ಅದೂ ಕಾರಣ ಹೇಳಿದ ಮೇಲೆ.

ಜನವರಿ 8, ರಾತ್ರಿ ಊಟಕ್ಕೆ ಮುನ್ನ

ಮೊದಲ ಕಾರಣ: ಸೆಟ್ಟಿಂಗಿನಲ್ಲಿ ವೋಲ್ಟೇಜ್ ನಿಯಂತ್ರಣಕ್ಕೆ ಪ್ರತ್ಯೇಕ ಅನುಮತಿ ಬೇಕು. ಟಿಕ್ ಹಾಕಿದಳು. ತಂತ್ರಾಂಶ ಮುಚ್ಚಿ ತೆರೆದದ್ದಾಯಿತು. ಬೂದು.

ಎರಡನೆಯದು: ಡ್ರೈವರ್ ಎಂಬ ತಂತ್ರಾಂಶ ಹಳೆಯದು, ಕಾರ್ಡಿಗೂ ಕಂಪ್ಯೂಟರಿಗೂ ಮಾತು ಸರಿಯಾಗಿ ನಡೆಯುತ್ತಿಲ್ಲ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದಳು. ಪರದೆ ಕಪ್ಪಾಗಿ, ಮಿನುಗಿ, ಮರಳಿ ಬಂತು. ಪಟ್ಟಿ — ಬೂದು.

ಆದರೂ ಸಂಜೆ ಚೆನ್ನಾಗಿತ್ತು ಎಂದು ಬರೆಯಬೇಕು. ಆ ಕೋಣೆಯಲ್ಲಿ ಕುಳಿತು ಚಹಾ ಕುಡಿದದ್ದು ಅಕ್ಷಯ ಹೋದ ಮೇಲೆ ಇದೇ ಮೊದಲು.

ಜನವರಿ 12, ಭಾನುವಾರ

ಮೂರು ದಿನ ಮದುವೆಯೊಂದರ ಊಟದ ಆರ್ಡರು, ಬರೆಯಲಾಗಲಿಲ್ಲ. ಇಂದು ಸಿಕ್ಕಿತು.

ಕಾರ್ಡ್ ತಯಾರಿಸಿದವರದೇ ಒಂದು ತಂತ್ರಾಂಶ, ಕಂಪ್ಯೂಟರ್ ತೆರೆದೊಡನೆ ತಾನಾಗಿ ಎದ್ದು ಹಿನ್ನೆಲೆಯಲ್ಲಿ ಕೂರುತ್ತಿತ್ತು. ಇವಳು ಬಳಸುತ್ತಿರುವುದು ಬೇರೆ. ಒಂದೇ ಮೈಕನ್ನು ಇಬ್ಬರು ಭಾಷಣಕಾರರು ಹಿಡಿದು ನಿಂತ ಹಾಗೆ. ಕಾಲೇಜಿನ ಚರ್ಚಾಕೂಟದಲ್ಲಿ ಕಂಡದ್ದುಂಟು. ಮೊದಲನೆಯದನ್ನು ಮುಚ್ಚಿ ಕೆಳಗಿಳಿಸಿದಳು. ಪಟ್ಟಿಗೆ ಬಣ್ಣ ಬಂತು!

"ಆಯ್ತು! ಪಪ್ಪಾ, ನೋಡಿ, ಹಿಲ್‌ತಾ ಇದೆ, ಮೂವ್ ಆಗ್ತಿದೆ!"

ಅವಳು ಮುಂದೆ ಎಳೆಯುವಷ್ಟರಲ್ಲಿ ಮೌಸ್ ಮೇಲೆ ಕೈಯಿಟ್ಟೆ. ಇಲ್ಲಿಗೆ ಸಾಕು ಎಂದೆ. ವೋಲ್ಟೇಜ್ ಏರಿ ಹೋಟೆಲಿನ ಗ್ರೈಂಡರಿನ ಮೋಟಾರು ಸುಟ್ಟ ವಾಸನೆ ನನ್ನ ಮೂಗಿಗೆ ಗೊತ್ತು. ಮೋಟಾರು ಹೊಸದು ಬಂತು. ಅಕ್ಷಯ ತನ್ನ ಮೊದಲ ಸಂಬಳದಲ್ಲಿ ತಂದ ಕಾರ್ಡಿಗೆ ಬದಲಿ ಎಲ್ಲಿ?

ಯಕ್ಷಿತಾ ಅಳಲಿಲ್ಲ. "ಹಾಗಾದ್ರೆ ಚರ್ಚೆ," ಎಂದಳು.

ನಮ್ಮ ಮನೆಯ ಪದ್ಧತಿ, ನಾನೇ ಹಾಕಿಕೊಟ್ಟದ್ದು. ಜಗಳವಿದ್ದರೆ ಊಟಕ್ಕೆ ಮುನ್ನ ಚರ್ಚೆ. ಪ್ರತಿಯೊಬ್ಬರೂ ಎದುರಾಳಿಯ ಪಕ್ಷವನ್ನೇ ವಾದಿಸಬೇಕು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಲಾರದವನಿಗೆ ತನ್ನ ಮಾತು ಹೇಳುವ ಹಕ್ಕಿಲ್ಲ. ಆಗ ತೀರ್ಪು ಕೊಡುತ್ತಿದ್ದವನು ಅಕ್ಷಯ. ಅವನ ನಂತರ ಚರ್ಚೆ ನಡೆದಿಲ್ಲ.

ಒಪ್ಪಿದೆ. ನಾಳೆ.

ಜನವರಿ 13, ಸೋಮವಾರ

ವಿಷಯ: 'ಅಕ್ಷಯನ ಕಾರ್ಡಿನ ವೋಲ್ಟೇಜನ್ನು ಏರಿಸತಕ್ಕದ್ದು.' ಪರವಾಗಿ ನಾನು. ವಿರೋಧವಾಗಿ ಯಕ್ಷಿತಾ. ತೀರ್ಪುಗಾರಳು ವಿನೋದಿನಿ — ಸೌಟು ಕೈಯಲ್ಲೇ ಇತ್ತು.

ಕಾಲೇಜಿನ ಅಭ್ಯಾಸದಂತೆ ಎದ್ದು ನಿಂತೆ. ಕಾರ್ಡಿಗೆ ತನ್ನದೇ ಮಿತಿಯಿದೆ, ಅದನ್ನು ದಾಟಲು ಅದೇ ಬಿಡುವುದಿಲ್ಲ ಎಂದೆ. ಮಾಡಬಲ್ಲ ಕೆಲಸದಿಂದ ಒಂದು ವಸ್ತುವನ್ನು ತಡೆದಿಡುವುದು ರಕ್ಷಣೆಯಲ್ಲ, ಕಪಾಟಿಗೆ ಹಾಕಿ ಬೀಗ ಜಡಿಯುವುದಷ್ಟೇ ಎಂದೆ. ಕೊಂಡವನು ಅದನ್ನು ಓಡಿಸಲೆಂದೇ ಕೊಂಡ ಎಂದೆ. ಬೇಕಾದ್ದಕ್ಕಿಂತ ಚೆನ್ನಾಗಿ ಮಾತಾಡಿದೆ.

ಯಕ್ಷಿತಾ ಎದ್ದಳು. "ಅಧ್ಯಕ್ಷರೇ, ಕಾರ್ಡ್ ಹಳೇದು. ಸುಟ್ಟೋದ್ರೆ ವಾರಂಟಿ ಇಲ್ಲ. ಫೈನ್, ಅದು ಟೆಕ್ನಿಕಲ್. ಆದ್ರೆ... ಅದು ಸುಟ್ಟೋದ್ರೆ ಪಪ್ಪ ಏನೂ ಹೇಳಲ್ಲ. ಬೈಯೋದೂ ಇಲ್ಲ. ಸುಮ್ಮನೆ ಆಗ್ತಾರೆ, ಅಣ್ಣ ಹೋದಾಗ ಆದ ಹಾಗೆ. ನಂಗೆ ಅದು ಇನ್ನೊಂದ್ಸಲ ನೋಡೋಕಾಗಲ್ಲ. ದ್ಯಾಟ್ಸ್ ಆಲ್."

ಅದು ನನ್ನ ಪಕ್ಷವೆಂದು ನನಗೇ ಗೊತ್ತಿರಲಿಲ್ಲ. ನಾನು ಕಾರ್ಡಿಗಾಗಿ ಹೆದರಿದ್ದೆ ಎಂದುಕೊಂಡಿದ್ದೆ.

ವಿನೋದಿನಿ ಸೌಟಿನಿಂದ ಮೇಜು ಕುಟ್ಟಿದಳು. "ಪರವಾಗಿ ಮಾತಾಡಿದವರು ಗೆದ್ರು. ಹಾಗಾಗಿ ನೀವು ಸೋತ್ರಿ ಮಾರಾಯ್ರೆ. ಏರಿಸಿ ನೋಡುವ. ಆದ್ರೆ ಸುಟ್ಟರೂ ನೀವು ಮಾತು ಬಿಡ್ಲಿಕ್ಕಿಲ್ಲ. ಇದು ತೀರ್ಪು. ಈಗ ಊಟಕ್ಕೆ ಬನ್ನಿ, ಸಾರು ತಣ್ಣಗಾಯ್ತು."

ಮೇಲ್ಮನವಿಗೆ ಅವಕಾಶವಿರಲಿಲ್ಲ. ಎರಡು ಬಾರಿ ಅನ್ನ ಹಾಕಿಸಿಕೊಂಡೆ.

ಜನವರಿ 15, ಬುಧವಾರ

ಪಟ್ಟಿ ಏರುತ್ತದೆ; ಕಾರ್ಡಿನ ನಿಜವಾದ ವೋಲ್ಟೇಜ್ ಏರುವುದಿಲ್ಲ. ನಲ್ಲಿ ತಿರುಗಿಸಿದ್ದಾಯಿತು, ನೀರು ಬರುತ್ತಿಲ್ಲ. ಒಟ್ಟು ವಿದ್ಯುತ್ತಿಗೇ ಎಲ್ಲೋ ತಡೆ ಬಿದ್ದಿದೆ ಎಂದಳು ಯಕ್ಷಿತಾ. ಪೆಟ್ಟಿಗೆ ಬಿಚ್ಚಿ, ಟಾರ್ಚ್ ಹಿಡಿದೆ. ಕಾರ್ಡಿನ ಅಂಚಿನಲ್ಲಿ ಉಗುರಿನಷ್ಟು ಸ್ವಿಚ್. ಒಂದು ಕಡೆ ಪೂರ್ಣ ಶಕ್ತಿ, ಇನ್ನೊಂದು ಕಡೆ ನಿಶ್ಶಬ್ದ. ನಿಶ್ಶಬ್ದದ ಕಡೆಗಿತ್ತು — ಆ ಕಡೆಯಿದ್ದರೆ ಫ್ಯಾನು ಮೆಲ್ಲಗೆ, ವಿದ್ಯುತ್ತಿಗೂ ಕಡಿವಾಣ.

"ಅಣ್ಣ ಯಾಕೆ ಇದ್ರಲ್ಲಿ ಇಟ್ಟಿದ್ದ? ಅವನಿಗೆ ಫುಲ್ ಸ್ಪೀಡೇ ಬೇಕಿತ್ತಲ್ಲ."

ಬಾಗಿಲಲ್ಲಿ ವಿನೋದಿನಿ. "ಎಂಥ ಶಬ್ದ ಮಗಾ ಇದು, ನಮ್ಮ ಹೋಟೆಲಿನ ಗ್ರೈಂಡರೇ ವಾಸಿ, ತಲೆನೋವು ಬರ್ತದೆ ಅಂತ ನಾನೇ ಹೇಳಿದ್ದು. ಮರುದಿನ ಶಬ್ದವೇ ಇಲ್ಲ. ರಿಪೇರಿ ಮಾಡಿಸಿದ ಅಂತ ನಾನು ಎಣಿಸಿದ್ದು."

ಅಕ್ಷಯ ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಅಮ್ಮನ ತಲೆನೋವಿಗಾಗಿ ತನ್ನ ವೇಗ ಬಿಟ್ಟುಕೊಟ್ಟು ಸುಮ್ಮನಿದ್ದ.

ಅವನು ಇಟ್ಟದ್ದನ್ನು ತಿರುಗಿಸುವುದೇ? ವಿನೋದಿನಿ ಸೆರಗಿಗೆ ಕೈ ಒರೆಸಿಕೊಂಡು ಒಳಬಂದಳು. "ಕರೆಂಟ್ ತೆಗ್ದಿದೀಯಾ?" ಎಂದು ಕೇಳಿ ಖಚಿತಪಡಿಸಿಕೊಂಡು, ಉಗುರಿನಿಂದ ತಾನೇ ತಿರುಗಿಸಿದಳು.

"ಶಬ್ದ ಬರ್ಲಿ. ಎರಡು ವರ್ಷದಿಂದ ಈ ಮನೆಯಲ್ಲಿ ಶಬ್ದ ಕಡಿಮೆ."

ಯಂತ್ರ ಚಾಲೂ ಆಯಿತು. ವೋಲ್ಟೇಜ್ ಏರಿತು, ವೇಗವೂ. ಅಬ್ಬಾ, ಎಂಥ ಗದ್ದಲ! ಕೆಳಗಿನ ಮನೆಯ ಶುಭಾಂಗಿಬಾಯಿ ಮೆಟ್ಟಿಲು ಹತ್ತಿ ಬಂದು, ಏನು ರುಬ್ಬುತ್ತಿದ್ದೀರಿ ಎಂದು ಕೇಳಿದರು. ಯಕ್ಷಿತಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಸಲುಗೆ ಹೆಚ್ಚಿದರೆ ಹೆಚ್ಚಲಿ.

ಜನವರಿ 19, ಭಾನುವಾರ, ಪವಾಯಿ, ಮಧ್ಯಾಹ್ನ

ಸಭಾಂಗಣದಲ್ಲಿ ಕುಳಿತು ಬರೆಯುತ್ತಿದ್ದೇನೆ. ಸಯನ್ ಸೇತುವೆ ಮುಚ್ಚಿದ್ದರಿಂದ ಟ್ಯಾಕ್ಸಿ ಸುತ್ತಿ ಬಂತು. ಕಂಪ್ಯೂಟರನ್ನು ನಡುವೆ ಕೂರಿಸಿ ಸೀಟ್ ಬೆಲ್ಟ್ ಹಾಕಿಸಿದ್ದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ ನೋಡಿ ಕೊನೆಗೆ ತಾನೇ ರಸ್ತೆಯ ಗುಂಡಿಗಳನ್ನು ತಪ್ಪಿಸಲು ತೊಡಗಿದ.

ಮೂರು ಅವಕಾಶ, ಉತ್ತಮವಾದದ್ದು ಲೆಕ್ಕಕ್ಕೆ. ಎರಡು ಮುಗಿದಿವೆ. ಕಾರ್ಡ್ ಗಟ್ಟಿಯಾಗಿ ನಿಂತಿದೆ. ಯಕ್ಷಿತಾ ಆರನೆಯವಳು, ಫೈನಲ್ಲಿಗೆ ನಾಲ್ವರು.

ಈಗಷ್ಟೇ ಓಡಿ ಬಂದಿದ್ದಳು. ಹಣೆಯ ಮೇಲೆ ಬೆವರು. "ಪಪ್ಪಾ, ವೋಲ್ಟೇಜಿನ ಲಾಸ್ಟ್ ಸ್ಟೆಪ್ ಬಾಕಿ ಇದೆ. ಏರಿಸಿದ್ರೆ ಮೇ ಬಿ ನಾಲ್ಕನೇದು. ಬಟ್ ಹೀಟ್ ತುಂಬಾ ಇದೆ, ಕಾರ್ಡ್ ಹೋದ್ರೂ ಹೋಗ್ಬಹುದು. ಏನ್ ಮಾಡ್ಲಿ?"

"ಈ ಪ್ರಶ್ನೆಗೆ ಎರಡು ಮುಖಗಳಿವೆ—"

"ಭಾಷಣ ಬೇಡ, ಟೈಮ್ ಇಲ್ಲ! ಅಣ್ಣನ ಕಾರ್ಡ್, ನೀವು ಹೇಳಿ."

"ನಿನ್ನ ಕಾರ್ಡ್," ಎಂದೆ.

ಸಿದ್ಧಪಡಿಸಿಕೊಂಡ ಮಾತಲ್ಲ. ಅವಳು ಓಡಿದಳು, ತಿರುಗಿ ನೋಡದೆ.

ಈಗ ಯಂತ್ರಗಳೆಲ್ಲ ಒಟ್ಟಿಗೆ ಓಡುತ್ತಿವೆ. ಅಷ್ಟರ ನಡುವೆಯೂ ನಮ್ಮ ಫ್ಯಾನಿನ ಸದ್ದು ನನಗೆ ಬೇರೆಯಾಗಿ ಕೇಳುತ್ತದೆ. ಅವಳ ಪರದೆಯ ಗೀಟು ಅರ್ಧ ದಾಟಿದೆ. ಒಮ್ಮೆ ತಡೆಯಿತು... ಇಲ್ಲ, ಹೊರಟಿತು. ಸುಟ್ಟ ವಾಸನೆಯಿಲ್ಲ. ಎರಡು ಸಲ ಮೂಸಿ ನೋಡಿದೆ. ಬಂದರೂ ಮಾತು ಬಿಡುವವನಲ್ಲ, ತೀರ್ಪು ಆಗಿದೆ. ಪಕ್ಕದಲ್ಲಿ ವಿನೋದಿನಿ ನನ್ನ ಬರೆಯುವ ಕೈಯನ್ನೇ ಹಿಡಿದಿದ್ದಾಳೆ, ಅಕ್ಷರ ಓರೆಯಾಗುತ್ತಿದೆ. ಬಿಡು, ಬರೆಯಬೇಕು ಎಂದರೆ —

"ಆಮೇಲೆ ಬರೀರಿ ಮಾರಾಯ್ರೆ! ಅಲ್ಲಿ ನೋಡಿ, ಅವಳು ಎದ್ದು ನಿಂತ್ಲು—"